ಅಪ್ಪನ ಪ್ರೆಸ್ಸಿಗೆ ಬಿದ್ದ ಎಣ್ಣೆ

ಮೊನ್ನೆ ಆಸ್ಟಿನ್ನಿನ ನಮ್ಮ ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಲ್ಬು ಕೊಳ್ಳಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕರ ಅಂಗಿಯಿಂದ ಒಂದು ವಾಸನೆ ತೇಲಿ ಬಂತು. ತೀರಾ ಮಾಗಿ ಕಪ್ಪಾದ ಬಾಳೆಹಣ್ಣಿಗೆ ಸೀಮೆಎಣ್ಣೆ ಬೆರೆಸಿದ ಹಾಗಿನ ವಾಸನೆ. ಬಂದೂಕಿನ ಮಸಿ ತೆಗೆಯುವ ದ್ರಾವಣದ್ದು ಅದು. ಹಿಂದಿದ್ದವರು ಮುಂದೆ ಹೋಗಿ ಎಂದು ಎರಡು ಸಲ ಹೇಳಬೇಕಾಯಿತು. ನಾನು ಆಗಲೇ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಹಳೆಯ ಮನೆಯ ಗರಾಜಿನಲ್ಲಿದ್ದೆ. ನೀವು ಬೆಳೆದ ಮನೆಗೂ ಇಂಥದೊಂದು ವಾಸನೆ ಇದ್ದಿರಬಹುದು. ಮನೆ ಹೋದರೂ, ಅಲ್ಲಿದ್ದವರು ಹೋದರೂ ಅದು ಎಲ್ಲೋ ಅಪರಿಚಿತರ ಅಂಗಿಯಲ್ಲಿ ಉಳಿದುಕೊಂಡಿರುತ್ತದೆ.

ಎರಡನೇ ಕ್ಲಾಸಿನವರೆಗೆ ಮೈಸೂರಿನ ತಾತನ ಮನೆಯಲ್ಲಿ ಓದಿ ಆಮೇಲೆ ಅಮ್ಮನ ಜೊತೆ ಕೇಟಿಗೆ ಬಂದವಳು ನಾನು. ಧಾರವಾಡದ ಅಪ್ಪ ಅದಕ್ಕೂ ಮೊದಲೇ ಎಣ್ಣೆ ಕಂಪನಿಯೊಂದರ ಎಂಜಿನಿಯರಾಗಿ ಬಂದಿದ್ದ. ಗಾಳಿ ತಿರುಗಿದಾಗ ಮಾತ್ರ ಐ-ಟೆನ್ ಹೆದ್ದಾರಿಯ ಸದ್ದು ಕೇಳುತ್ತಿದ್ದ ಇಟ್ಟಿಗೆಯ ಮನೆ ನಮ್ಮದು. ಎರಡು ಕಾರಿನ ಗರಾಜಿನ ಅರ್ಧದಲ್ಲಿ ಕಾರು. ಉಳಿದರ್ಧದಲ್ಲಿ ಅಕ್ಕಿಯ ಚೀಲ, ಹಬ್ಬಕ್ಕೆ ಮಾತ್ರ ಕೆಳಗಿಳಿಯುವ ದೊಡ್ಡ ಪಾತ್ರೆಗಳು, ಶಶಿ ಮಾಮನ ಸೈಕಲ್ಲು ಮತ್ತು ಗೋಡೆಗೆ ಒತ್ತಿಕೊಂಡ ಅಪ್ಪನ ಮರದ ಬೆಂಚು. ಶಶಿ ಮಾಮ ಅಮ್ಮನ ತಮ್ಮ. ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತ ನಮ್ಮ ಮನೆಯಲ್ಲೇ ಇದ್ದ. ಅವನು ಮನೆಯಲ್ಲಿದ್ದರೆ ಅಡುಗೆಮನೆಯಲ್ಲಿ ನಗು ಇರುತ್ತಿತ್ತು. ಅಕ್ಕ-ತಮ್ಮ ತರಕಾರಿ ಹೆಚ್ಚುತ್ತ ಮೈಸೂರಿನ ಬೀದಿಯವರನ್ನೆಲ್ಲ ಅಣಕಿಸುತ್ತಿದ್ದರು. ನಾನು ಶಾಲೆಯ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೆ ಮಾಮ ಕಿವಿ ಕೇಳಿಸದವನಂತೆ ಕೂರುತ್ತಿದ್ದ. ಕನ್ನಡದಲ್ಲಿ ಹೇಳಿದ ಮೇಲೇ ತಲೆಯೆತ್ತುತ್ತಿದ್ದ.

ಬೆಂಚಿನ ಅಂಚಿಗೆ ಬೋಲ್ಟು ಹಾಕಿ ಕೂರಿಸಿದ್ದ ಹಸಿರು ಬಣ್ಣದ ಕಬ್ಬಿಣದ ಯಂತ್ರವನ್ನು ಅಪ್ಪ ಪ್ರೆಸ್ಸು ಎನ್ನುತ್ತಿದ್ದ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೋಶಕ್ಕೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ, ಅಂದರೆ ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಗುಂಡು ಒತ್ತಿ ಮತ್ತೆ ತೋಟಾ ಮಾಡುವ ಕೈಯಂತ್ರ ಅದು. ಉದ್ದನೆಯ ಹಿಡಿಯನ್ನು ಕೆಳಗೆ ಒತ್ತಿದರೆ ನಡುವಿನ ಉಕ್ಕಿನ ಕಂಬ ಮೇಲೇರುತ್ತಿತ್ತು. ಅಪ್ಪನಿಗೆ ಗುರಿ ಹೊಡೆಯುವ ಹವ್ಯಾಸ ಹಿಡಿಸಿದವರು ಆಫೀಸಿನ ವಾಲ್ಟರ್ ಅಂಕಲ್. ನಿವೃತ್ತರಾಗಿ ಊರು ಬಿಡುವಾಗ ಪ್ರೆಸ್ಸನ್ನು ಅವನಿಗೇ ಕೊಟ್ಟು ಹೋಗಿದ್ದರು. ಶನಿವಾರ ಬೆಳಗಿನ ಕಾಫಿಯ ನಂತರ ಅಪ್ಪ ತನ್ನ ಹಳೆಯ ಬನಿಯನ್ನಿನ ಚೂರು, ಹಲ್ಲುಜ್ಜುವ ಬ್ರಷ್ಷು, ಎಣ್ಣೆಯ ಬಾಟಲಿ ಹಿಡಿದು ಗರಾಜಿಗೆ ಇಳಿಯುತ್ತಿದ್ದ. ಕಂಬದ ಸುತ್ತ ಕೂತ ಕಪ್ಪು ಮಸಿಯನ್ನು ಉಜ್ಜಿ, ದ್ರಾವಣದಿಂದ ಒರೆಸಿ, ಒಣಗಿಸಿ, ಎಣ್ಣೆ ಬಿಟ್ಟು, ಹಿಡಿಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಕೀಲುಗಳಿಗೆ ಬೆರಳಿನಿಂದ ಗ್ರೀಸು ತುಂಬುತ್ತಿದ್ದ. ನಾನು ಅಕ್ಕಿಯ ಚೀಲದ ಮೇಲೆ ಕೂತು ನೋಡುತ್ತಿದ್ದೆ. “ಕೇಳಿಸ್ತೇನವ್ವಾ? ಇನ್ನೂ ಒಣಾ ಆಗೇದ,” ಎನ್ನುತ್ತಿದ್ದ. ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವನು ಇನ್ನಷ್ಟು ಎಣ್ಣೆ ಬಿಡುತ್ತಿದ್ದ.

ಅಪ್ಪ ಕೆಟ್ಟವನಲ್ಲ, ಆದರೆ ಅನುಮಾನದ ಮನುಷ್ಯ. ಬೀಗ ಹಾಕಿ ಕಾರಿನವರೆಗೆ ಬಂದು ಮತ್ತೆ ಹೋಗಿ ಬಾಗಿಲು ಎಳೆದು ನೋಡುವವನು. ಅಂಗಡಿಯ ಹಾಲಿನ ಮೇಲಿನ ತಾರೀಖನ್ನು ನಂಬದೆ ಮೂಸಿ ನೋಡುವವನು. ಆ ವರ್ಷ ಅವನ ಆಫೀಸಿನಲ್ಲಿ ಜನರನ್ನು ತೆಗೆಯುತ್ತಾರೆ ಎಂಬ ಗಾಳಿಮಾತು ಹಬ್ಬಿತ್ತು. ಯಾರು ಯಾರ ಬಗ್ಗೆ ಮೇಲಿನವರಿಗೆ ಏನು ಹೇಳಿದರೋ ಎಂದು ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದರಂತೆ. ಆ ಓರೆಗಣ್ಣನ್ನು ಅಪ್ಪ ಮನೆಗೂ ತಂದ. ಪ್ರೆಸ್ಸಿನ ಆರೈಕೆ ಶನಿವಾರಕ್ಕೆ ನಿಲ್ಲದೆ ದಿನಾ ಸಂಜೆಯ ಕೆಲಸವಾಯಿತು. ನಿನ್ನೆ ಹಾಕಿದ ಎಣ್ಣೆಯ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ. ಹೊರಡುವಾಗ ಹಿಡಿಯನ್ನು ಗೋಡೆಯ ಒಂದು ಗೆರೆಗೆ ಸರಿಯಾಗಿ ನಿಲ್ಲಿಸುತ್ತಿದ್ದ, ಬಾಟಲಿಯ ಮೂತಿಯನ್ನು ಕಿಟಕಿಯ ಕಡೆಗೇ ತಿರುಗಿಸಿ ಇಡುತ್ತಿದ್ದ. ಮಾಮನಿಗೆ ಈ ಹವ್ಯಾಸ ಸೇರುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, “ಪುಟ್ಟಿ ಓಡಾಡೋ ಮನೇಲಿ ಮದ್ದು ಗುಂಡು ಎಲ್ಲ ಬೇಕಾ ಭಾವ?” ಎಂದು ಕೇಳಿಯೇಬಿಟ್ಟ. ಮದ್ದು ಬಂದೂಕು ಎರಡೂ ಉಕ್ಕಿನ ಕಪಾಟಿನೊಳಗೆ ಬೀಗದಲ್ಲಿರುತ್ತಿದ್ದವು. ಅಪ್ಪ ಅದನ್ನು ಹೇಳಲಿಲ್ಲ. ಮಾಮನ ಮುಖ ನೋಡಿದ, ಹಾಲು ಮೂಸಿ ನೋಡುವಾಗ ನೋಡುತ್ತಿದ್ದ ಹಾಗೆ.

ಅದಾಗಿ ಕೆಲವು ವಾರಕ್ಕೆ ಅಪ್ಪನ ಜೊತೆ ನಾನೂ ಊರಾಚೆಯ ಶೂಟಿಂಗ್ ರೇಂಜಿಗೆ ಹೋಗಿದ್ದೆ. ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಪ್ಪನ ಪಿಸ್ತೂಲು ಟಿಕ್ ಎಂದಿತು, ಹಾರಲಿಲ್ಲ. ತೋಟಾ ಬದಲಿಸಿದ, ಮತ್ತೆ ಹುಸಿಯಾಯಿತು. ಆಮೇಲಿನದು ಹಾರಿತು, ಆದರೆ ಸದ್ದು ಯಾರೋ ಸೀಸೆಯ ಬಿರಡೆ ತೆಗೆದಷ್ಟೇ. ಅಪ್ಪ ಮತ್ತೆ ಗುರಿ ಹಿಡಿಯುವುದರೊಳಗೆ ರೇಂಜಿನ ಕಾವಲಿನವನು ಓಡಿ ಬಂದು ಅವನ ಕೈಯನ್ನು ಕೆಳಕ್ಕೆ ಒತ್ತಿದ. ಪಿಸ್ತೂಲನ್ನು ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ನಳಿಗೆ ಅಪ್ಪನ ಕೈಯಲ್ಲೇ ಸಿಡಿಯುತ್ತಿತ್ತು. ವಾಪಸು ಬರುವಾಗ ಅಪ್ಪ ರೇಡಿಯೋ ಹಾಕಲಿಲ್ಲ. ಮನೆಗೆ ಬಂದವನೇ ಉಳಿದ ತೋಟಾಗಳನ್ನು ಒಂದೊಂದಾಗಿ ಬಿಚ್ಚಿ ಬಿಳಿ ಹಾಳೆಯ ಮೇಲೆ ತಟ್ಟಿದ. ಹಾಳೆಯ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಲೆಗಳಾದವು. ಎಣ್ಣೆ ತಾಕಿದರೆ ಪ್ರೈಮರ್ ಸಾಯುತ್ತದೆ, ಮದ್ದು ಮಂಕಾಗುತ್ತದೆ ಎಂದು ಅಪ್ಪನೇ ನನಗೆ ಹೇಳಿಕೊಟ್ಟಿದ್ದ. ಎಣ್ಣೆಯ ಬಾಟಲಿಯ ಮೂತಿ ಕಿಟಕಿಯ ಕಡೆಗಿರಲಿಲ್ಲ. ಅದರ ಮೈಮೇಲೆ ಕಪ್ಪು ಬೆರಳಿನ ಗುರುತಿತ್ತು.

ಆ ಮಧ್ಯಾಹ್ನ ಅಮ್ಮ ಹುಳಿ ಬಡಿಸುತ್ತಿದ್ದಾಗ ಅಪ್ಪ ಬಾಟಲಿಯನ್ನು ತಂದು ಊಟದ ಮೇಜಿನ ಮೇಲಿಟ್ಟ.

“ಶಶಿ, ಇದನ್ನ ಯಾರ ಮುಟ್ಟ್ಯಾರ?”

“ನಾನೇ ಭಾವ. ಸೈಕಲ್ ಚೈನು ಕಿರ್‍ರಂತಿತ್ತು, ಎರಡು ಹನಿ ಹಾಕ್ಕೊಂಡೆ.”

“ಚೈನಿಗೆ ಅಷ್ಟ? ಮತ್ತ ನನ್ನ ತೋಟಾದಾಗ ಎಣ್ಣಿ ಹೆಂಗ ಬಂತು?”

ಮಾಮ ತುತ್ತು ಕೆಳಗಿಟ್ಟ. “ನೀವೇನು ಕೇಳ್ತಿದೀರಿ ಅಂತ ಗೊತ್ತಾಯ್ತು. ಬಾಯಿಬಿಟ್ಟು ಕೇಳಿ.”

ಅಪ್ಪ ಕೇಳಲಿಲ್ಲ. ಕೇಳದೆ ಎದ್ದು ಹೋಗಿ ಕೈ ತೊಳೆದುಕೊಂಡ. ಮಾಮ ಬೇಸರ ಮಾಡಿಕೊಂಡರೂ ಊಟ ಮುಗಿಸಿದ, ನನ್ನ ತಟ್ಟೆಯ ಹಪ್ಪಳವನ್ನು ಎಂದಿನಂತೆ ಕದ್ದ. ಭಾವನ ಸ್ವಭಾವ ಅವನಿಗೆ ಗೊತ್ತಿತ್ತು; ವಾರದಲ್ಲಿ ತಣ್ಣಗಾಗುತ್ತದೆ ಎಂದುಕೊಂಡಿದ್ದನೇನೋ. ಮರುದಿನ ನಾನು ಮೆಟ್ಟಿಲ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು, ಮಾಮ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅಮ್ಮ ದನಿ ತಗ್ಗಿಸಿ, “ಶಶಿ, ನನ್ ಹತ್ರ ಆದ್ರೂ ನಿಜ ಹೇಳು. ನೀನೇನಾದ್ರೂ ಮಾಡಿದ್ಯಾ?” ಎಂದಳು.

ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿತು.

“ನೀನೂ ಕೇಳ್ದೆ,” ಎಂದ ಮಾಮ.

“ಕೇಳ್ಬಾರ್ದಿತ್ತಾ? ಅವ್ರ ಕೈಯೇ ಹೋಗ್ತಿತ್ತು ಕಣೋ.”

“ಕೇಳಿದ್ದಾಯ್ತಲ್ಲ ಅಕ್ಕ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಆ ಸೆಮಿಸ್ಟರ್ ಮುಗಿಯುತ್ತಲೇ ಡಲ್ಲಾಸಿನ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಸಿಕ್ಕಿತೆಂದು ಹೇಳಿ ಗೆಳೆಯನ ಕಾರಿನ ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡು ಹೊರಟ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿ ತೆಗೆದುಕೊಂಡ. ನನ್ನ ತಲೆಗೆ ಮೊಟಕಿದ. ಅಪ್ಪ ಗರಾಜಿನ ಬಾಗಿಲಲ್ಲಿ ನಿಂತು, ಕಾರು ತಿರುವು ದಾಟುವವರೆಗೂ ನೋಡಿದ. ಆಮೇಲೆ ಒಳಗೆ ಹೋಗಿ ಎಣ್ಣೆಯ ಬಾಟಲಿಯನ್ನೂ ಕಪಾಟಿಗೆ ಹಾಕಿ ಬೀಗ ಹಾಕಿದ.

ಮಾಮ ಹೋದ ಮೇಲೂ ತೋಟಾಗಳು ಹುಸಿಯಾದವು. ಅಪ್ಪ ಇನ್ನೂ ಎಚ್ಚರಿಕೆಯಿಂದ ಒರೆಸಿ, ಇನ್ನೂ ಎಚ್ಚರಿಕೆಯಿಂದ ಎಣ್ಣೆ ಬಿಡುತ್ತಿದ್ದ. ಪ್ರೈಮರ್ ಮಾರಿದ ಅಂಗಡಿಯವನ ಮೇಲೆ ಅನುಮಾನಪಟ್ಟ, ಅಂಗಡಿ ಬದಲಿಸಿದ. ಹುಲ್ಲು ಕತ್ತರಿಸಲು ಬರುವವರು ಗರಾಜಿನೊಳಗೆ ಇಣುಕಿದರೇ ಎಂದು ನನ್ನನ್ನು ಕೇಳಿದ. ಕೊನೆಗೊಂದು ಸಂಜೆ, “ಹಗಲೊತ್ತಿನಾಗ ಗರಾಜಿಗೆ ಯಾಕ ಹೋಗ್ತೀ?” ಎಂದು ಅಮ್ಮನನ್ನೇ ಕೇಳಿದ. ಅಮ್ಮ ಅಕ್ಕಿ ತರಲು ಹೋಗುತ್ತಿದ್ದಳು. “ಇನ್ನು ಉಳಿದಿರೋಳು ನಾನೇ ಅಲ್ವಾ,” ಎಂದಷ್ಟೇ ಹೇಳಿ ಅಕ್ಕಿಯ ಚೀಲವನ್ನು ಎಳೆದುಕೊಂಡು ಬಂದು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಅಂದಿನಿಂದ ಅವಳು ಗರಾಜಿನ ಕಡೆಯ ಬಾಗಿಲನ್ನೇ ತೆರೆಯಲಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಯಿತು. ಈರುಳ್ಳಿ ಹೆಚ್ಚುವ ಸದ್ದು ಅಷ್ಟು ದೊಡ್ಡದಾಗಿ ಕೇಳುತ್ತದೆಂದು ನನಗೆ ಗೊತ್ತಾದದ್ದೇ ಆಗ.

ಚಳಿಗಾಲದಲ್ಲಿ ವಾಲ್ಟರ್ ಅಂಕಲ್ ಹ್ಯೂಸ್ಟನ್ನಿಗೆ ಡಾಕ್ಟರನ್ನು ಕಾಣಲು ಬಂದವರು ನಮ್ಮಲ್ಲಿಗೂ ಬಂದರು. ಅಮ್ಮ ಮಾಡಿದ ಉಪ್ಪಿಟ್ಟು ತಿಂದು, ತಮ್ಮ ಹಳೆಯ ಪ್ರೆಸ್ಸನ್ನು ನೋಡಬೇಕೆಂದರು. ಕಾಗದದ ಕರವಸ್ತ್ರವೊಂದನ್ನು ಕಂಬದ ಬುಡಕ್ಕೆ ಸುತ್ತಿ, ಮಾತಾಡುತ್ತಲೇ ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರು. ಕಾಗದ ತೊಯ್ದು ಅರೆಪಾರದರ್ಶಕವಾಯಿತು. ಪ್ರೈಮರ್ ಕೂರಿಸುವ ಪುಟ್ಟ ಬಟ್ಟಲಿಗೆ ಬೆರಳು ಹಾಕಿ ತೆಗೆದರು. ಬೆರಳು ಮಿರಮಿರ ಹೊಳೆಯಿತು.

“ಎಷ್ಟು ದಿನಕ್ಕೊಮ್ಮೆ ಎಣ್ಣೆ ಹಾಕ್ತೀಯ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ದಿನಾ,” ಎಂದ ಅಪ್ಪ.

ವಾಲ್ಟರ್ ಅಂಕಲ್ ನಗಲಿಲ್ಲ. ಅವರಿಗೆ ನಮ್ಮ ಮನೆಯ ಕಥೆ ಗೊತ್ತಿರಲಿಲ್ಲ, ಆದರೂ ಅಪ್ಪನ ಮುಖ ನೋಡಿ ಮೆಲ್ಲಗೆ ಹೇಳಿದರು: “ಇದಕ್ಕೆ ಬೇಕಾದ್ದು ಕಣ್ಣಿಗೆ ಕಾಣದಷ್ಟು ತೆಳು ಪಸೆ. ಮಿಕ್ಕಿದ್ದೆಲ್ಲ ಕೆಳಗಿಳಿದು ಪ್ರೈಮರಿಗೆ ಸೇರುತ್ತೆ.” ಅವರು ಹೋದ ಮೇಲೆ ಅಪ್ಪ ಬೆಂಚಿನ ಮುಂದಿನ ಸ್ಟೂಲಿನ ಮೇಲೆ ಹಾಗೆಯೇ ಕೂತಿದ್ದ. ಊಟಕ್ಕೆ ಕರೆಯಲು ಅಮ್ಮ ನನ್ನನ್ನು ಕಳಿಸಿದಳು. “ನಾನ ಹಾಕೀನವ್ವಾ,” ಎಂದ ಅಪ್ಪ, ನನಗಲ್ಲದೆ ಬೇರೆ ಯಾರಿಗೋ ಹೇಳಿದಂತೆ. “ಎಲ್ಲಾ ನಾನ ಹಾಕೀನಿ.”

ಮುಂದಿನ ಶನಿವಾರ ಬೆಳಗ್ಗೆಯೇ ಮೂವರೂ ಡಲ್ಲಾಸಿಗೆ ಹೊರಟೆವು. ಹೆದ್ದಾರಿಯ ಎರಡೂ ಕಡೆ ಒಣಗಿದ ಹುಲ್ಲು, ದೂರದಲ್ಲಿ ದನ. ಅಪ್ಪ ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ ಏನನ್ನೋ ಜೋಡಿಸಿಕೊಳ್ಳುತ್ತಿದ್ದ. ಆದರೆ ಮಾಮ ಅಪಾರ್ಟ್‌ಮೆಂಟಿನ ಬಾಗಿಲು ತೆಗೆದಾಗ, ಬೂಟು ಬಿಚ್ಚುವ ಮೊದಲೇ ಅದೆಲ್ಲ ಮರೆತುಹೋಯಿತು. “ಶಶಿ, ತಪ್ಪು ನಂದ. ಎಣ್ಣಿ ಹಾಕಿದಾಂವ ನಾನ,” ಎಂದಷ್ಟೇ ಹೇಳಿದ. ಮಾಮ ಅವನ ಎರಡೂ ಕೈ ಹಿಡಿದುಕೊಂಡ. “ಗೊತ್ತಾಯ್ತಲ್ಲ ಭಾವ, ಬಿಡಿ. ಒಳಗೆ ಬನ್ನಿ, ಮೊದ್ಲು ಕಾಫಿ ಕುಡೀರಿ.” ಅವನು ಮನಸಾರೆ ಹೇಳಿದ್ದ, ಅಪ್ಪನ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಆಮೇಲೆ ಮಾಮ ಒಳಗಿನಿಂದ ಲೋಟಗಳನ್ನು ತಂದ. ಅಪ್ಪನಿಗೆ ಕೊಟ್ಟು, ಅಮ್ಮನ ಮುಂದೆ ಬಾಗಿ, “ತಗೊಳ್ಳಿ ಅಕ್ಕ, ಬಿಸಿ ಇದೆ,” ಎಂದ. ಅಮ್ಮನ ಕೈ ಲೋಟದ ಹತ್ತಿರ ಹೋಗಿ ಒಂದು ಕ್ಷಣ ಅಲ್ಲೇ ನಿಂತಿತು.

ವಾಪಸು ಬರುವಾಗ ಅಮ್ಮ ಕಿಟಕಿಯಾಚೆ ನೋಡುತ್ತ, “ಅವ್ನು ನಂಗೆ ‘ತಗೊಳ್ಳಿ’ ಅಂದ,” ಎಂದಳು.

“ಮರ್ಯಾದಿಗೆ ಅಂದಿರಬೇಕ, ಬಿಡು,” ಎಂದ ಅಪ್ಪ.

“ಅದೇ,” ಎಂದಳು ಅಮ್ಮ.

ಅಪ್ಪ ಪ್ರೆಸ್ಸನ್ನು ಪೂರಾ ಬಿಚ್ಚಿ ತೊಳೆದ. ಬಟ್ಟೆಯ ತುದಿಗೆ ಎಣ್ಣೆ ಮುಟ್ಟಿಸಿ ಸವರಿ, ಮತ್ತೆ ಒಣಬಟ್ಟೆಯಿಂದ ಒರೆಸುವುದನ್ನು ಕಲಿತ. ಆಮೇಲೆ ಅವನ ತೋಟಾ ಒಂದೂ ಹುಸಿಯಾಗಲಿಲ್ಲ. ಅದರಿಂದ ಅವನಿಗೆ ಸಂತೋಷವಾದದ್ದು ನನಗೆ ಕಾಣಲಿಲ್ಲ. ರೇಂಜಿಗೆ ಹೋಗುವುದೂ ನಿಧಾನಕ್ಕೆ ನಿಂತಿತು. ಮಾಮ ಮದುವೆಯಾದ, ಡಲ್ಲಾಸಿನ ಹತ್ತಿರದ ಮರ್ಫಿಯಲ್ಲಿ ಮನೆ ಮಾಡಿದ. ದೀಪಾವಳಿಗೆ ನಾವು ಹೋಗುತ್ತಿದ್ದೆವು. ಅತ್ತೆ ಹೋಳಿಗೆ ಮಾಡುತ್ತಿದ್ದಳು, ಮಾಮ ನನ್ನ ತಟ್ಟೆಯ ಹಪ್ಪಳ ಕದಿಯುತ್ತಿದ್ದ, ಅಪ್ಪನ ಜೊತೆ ಕೂತು ಕ್ರಿಕೆಟ್ ನೋಡುತ್ತಿದ್ದ. ಅಕ್ಕನನ್ನು ಮಾತ್ರ ಬನ್ನಿ, ಕೂತ್ಕೊಳ್ಳಿ, ಇನ್ನೊಂದು ಹಾಕಿಸ್ಕೊಳ್ಳಿ ಎನ್ನುತ್ತಿದ್ದ. ಯಾವ ಕೊರತೆಯನ್ನೂ ಮಾಡಲಿಲ್ಲ. ಅಷ್ಟು ಮರ್ಯಾದೆಯಿಂದ ನಡೆದುಕೊಳ್ಳುವ ತಮ್ಮನ ಮೇಲೆ ಅಮ್ಮ ಯಾರ ಮುಂದೆ ಏನೆಂದು ದೂರಲಿ? ಕೇಟಿಗೆ ಬಂದರೆ ಮಾಮ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಿದ್ದ. ನಿಮಗೆ ತೊಂದರೆ ಬೇಡ ಅಕ್ಕ, ಎನ್ನುತ್ತಿದ್ದ.

ಹೋದ ವರ್ಷ ಅಪ್ಪ ತೀರಿಕೊಂಡ. ಸುದ್ದಿ ಕೇಳಿದ ಕೂಡಲೇ ಮಾಮ ಡ್ರೈವ್ ಮಾಡಿಕೊಂಡು ಬಂದು ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡ. ಪುರೋಹಿತರಿಗೆ ಫೋನ್ ಮಾಡುವುದರಿಂದ ಹಿಡಿದು ಬಂದವರಿಗೆ ನೀರು ಕೊಡುವವರೆಗೆ ಅವನೇ ನೋಡಿಕೊಂಡ. ಕ್ರಿಯೆಗಳೆಲ್ಲ ಮುಗಿದ ಮೇಲೆ ಗರಾಜು ಖಾಲಿ ಮಾಡುವಾಗ ಪ್ರೆಸ್ಸನ್ನು ರೇಂಜಿನ ಪರಿಚಯದವರೊಬ್ಬರು ಒಯ್ದರು. ಬೋಲ್ಟು ಬಿಚ್ಚಿಕೊಟ್ಟವನು ಮಾಮನೇ. ಮನೆ ಮಾರಿದೆವು. ಈಗ ಅಲ್ಲಿರುವವರು ಗರಾಜನ್ನು ಮಕ್ಕಳ ಆಟದ ಕೋಣೆ ಮಾಡಿದ್ದಾರೆಂದು ಪಕ್ಕದ ಮನೆಯವರು ಹೇಳಿದರು.

ಅಮ್ಮ ಈಗ ಆಸ್ಟಿನ್ನಿನಲ್ಲಿ ನನ್ನ ಜೊತೆಗಿದ್ದಾಳೆ. ಭಾನುವಾರ ಬೆಳಗ್ಗೆ ಮಾಮನ ಫೋನ್ ಬರುತ್ತದೆ. ಮಾತ್ರೆ ತಗೊಂಡ್ರಾ, ವಾಕಿಂಗ್ ಹೋದ್ರಾ ಎಂದು ಕೇಳುತ್ತಾನೆ. ನಾನು ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಕೇಳಿಸಿಕೊಳ್ಳುತ್ತೇನೆ. ಅಮ್ಮ ಎಲ್ಲದಕ್ಕೂ ಉತ್ತರ ಕೊಡುತ್ತಾಳೆ, ಅವನ ಮಕ್ಕಳನ್ನು ವಿಚಾರಿಸುತ್ತಾಳೆ. ಇತ್ತೀಚೆಗೆ, ಯಾವಾಗಿನಿಂದಲೋ ನನಗೆ ಗೊತ್ತಾಗಲಿಲ್ಲ, ಅವಳೂ ಬದಲಾಗಿದ್ದಾಳೆ. ತಾನು ಎತ್ತಿ ಆಡಿಸಿದ ತಮ್ಮನಿಗೆ, “ಆಯ್ತು ಶಶಿ, ನೀವೂ ಹುಷಾರಾಗಿರಿ,” ಎಂದು ಹೇಳಿ, ಫೋನನ್ನು ಮೆಲ್ಲಗೆ ಮೇಜಿನ ಮೇಲಿಡುತ್ತಾಳೆ.