ನಡವಳಿಯಲ್ಲಿ ಇಲ್ಲದ ಮಾತು

ಆ ಮನುಷ್ಯನ ಮೇಲೆ ನನಗೆ ಹನ್ನೊಂದು ವರ್ಷ ಸಿಟ್ಟಿತ್ತು. ಕೂಗಾಡುವ ಸಿಟ್ಟಲ್ಲ. ಬೆಳಿಗ್ಗೆ ಬಸ್ಸಿಳಿದು ಟೌನ್ ಹಾಲಿಗೆ ನಡೆಯುವಾಗ ಒಂದೊಂದು ಮುಚ್ಚಿದ ಅಂಗಡಿಯ ಎದುರೂ ಅವನನ್ನು ನೆನೆಸಿಕೊಂಡು ಮುಂದೆ ಹೋಗುವ ಸಿಟ್ಟು. ಮನೆಗೆ ಬಂದು ಅಕ್ಕಿ ತೊಳೆಯುವಾಗಲೂ ಅದು ಇರುತ್ತಿತ್ತು. ಮರೆತುಬಿಡು ಎಂದು ಹೇಳಿದವರು ಬಹಳ ಮಂದಿ. ಮರೆಯುವ ಮನಸ್ಸು ನನಗೆ ಇರಲಿಲ್ಲ.

ನಾವು ಇದ್ದದ್ದು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ. ನಮ್ಮನೆಯವರು ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಗುಮಾಸ್ತರು. ನಾನು ಎರಡು ಬಸ್ಸು ಬದಲಿಸಿ, ಲಂಡನ್ನಿನ ಅಂಚಿನ ಒಂದು ಊರಿನ ಕೌನ್ಸಿಲ್ ಕಚೇರಿಗೆ, ಅಂದರೆ ಅಲ್ಲಿಯ ಪುರಸಭೆಗೆ, ಹೋಗುತ್ತಿದ್ದೆ. ಸಭೆಗಳ ನಡವಳಿ ಬರೆಯುವುದು ನನ್ನ ಕೆಲಸ. ಯಾರು ಏನು ಹೇಳಿದರು, ಏನು ತೀರ್ಮಾನವಾಯಿತು, ಅಷ್ಟೇ. ಶಾರ್ಟ್‌ಹ್ಯಾಂಡ್ ಕಲಿತದ್ದು ಕುಂದಾಪುರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಅಲ್ಲಿಯ ಮಾಸ್ಟ್ರು ಬೇಕೆಂದೇ ಕಿಟಕಿ ತೆರೆದಿಟ್ಟು, ಬಸ್ಸಿನ ಹಾರ್ನ್ ನಡುವೆ ಓದಿ ಹೇಳುತ್ತಿದ್ದರು. ಹಾಗಾಗಿ ಎಂಥ ಗಲಾಟೆಯಲ್ಲೂ ನನ್ನ ಕೈ ನಿಲ್ಲುತ್ತಿರಲಿಲ್ಲ. ಕೌನ್ಸಿಲ್ಲಿನಲ್ಲಿ ಉಳಿದವರು ಮುಖ್ಯವಾದದ್ದನ್ನು ಮಾತ್ರ ಗೀಚಿಕೊಳ್ಳುತ್ತಿದ್ದರು. ನಾನು ಕೆಮ್ಮು ಒಂದನ್ನು ಬಿಟ್ಟು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ.

ಆ ಊರಿನ ನಟ್ಟನಡುವೆ, ಹೈ ಸ್ಟ್ರೀಟ್ ಎನ್ನುವ ಪೇಟೆಬೀದಿಯ ಹಿಂಬದಿಯಲ್ಲಿ ಫುಟ್‌ಬಾಲ್ ಮೈದಾನವಿತ್ತು. ಶನಿವಾರ ಊರಿನ ಫುಟ್‌ಬಾಲ್ ತಂಡ, ಭಾನುವಾರ ಬಾಡಿಗೆಗೆ ಬಂದ ರಗ್ಬಿ ತಂಡ. ಎರಡೂ ಸಂಬಳದ ಆಟಗಾರರ ತಂಡಗಳೇ, ಆದರೆ ಟೀವಿಯಲ್ಲಿ ಕಾಣಿಸಿಕೊಳ್ಳುವಷ್ಟು ದೊಡ್ಡವಲ್ಲ. ಆಟ ನೋಡುವ ಹುಚ್ಚು ನನಗಿರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಆ ರಸ್ತೆಯಲ್ಲಿ ಒಮ್ಮೆ ನಡೆದವರಿಗೆ, ಊರು ಯಾವುದರ ಮೇಲೆ ನಿಂತಿದೆ ಎಂದು ಯಾರೂ ವಿವರಿಸಬೇಕಾಗಿರಲಿಲ್ಲ. ಚಿಪ್ಸ್ ಅಂಗಡಿಯ ಸಾಲು ಬೇಕರಿಯವರೆಗೆ ಬರುತ್ತಿತ್ತು. ಕ್ಷೌರದವನಿಗೆ ಪುರುಸೊತ್ತಿರಲಿಲ್ಲ. ಉಣ್ಣೆಯ ನೂಲು ಮಾರುವ ಮುದುಕಿಯೊಬ್ಬಳು ಕೂಡ ತಂಡದ ಬಣ್ಣದ ಮಫ್ಲರ್ ಹೆಣೆದು ಬಾಗಿಲಿಗೆ ತೂಗುಹಾಕುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಆ ಫುಟ್‌ಬಾಲ್ ಕ್ಲಬ್ಬಿನ ಯಜಮಾನ, ನಾನು ಮೊದಲಿಗೆ ಹೇಳಿದ ಮನುಷ್ಯ, ಕೌನ್ಸಿಲ್ಲಿನ ಮುಂದೆ ಬಂದ. ಎತ್ತರದ ಆಳು, ಒಳ್ಳೆಯ ಕೋಟು, ಮೆಲುದನಿ. ಮೈದಾನದ ರಸ್ತೆಬದಿಯಲ್ಲಿ ಅಂಗಡಿ ಕಟ್ಟಲು ಅನುಮತಿ ಬೇಕಾಗಿತ್ತು. ಆ ಬಾಡಿಗೆ ಬಂದರೆ ತಂಡ ಇಲ್ಲೇ ಉಳಿಯುತ್ತದೆ ಎಂದ. ಅನುಮತಿ ಕೊಟ್ಟ ಮೇಲೆ ಇಡೀ ಜಾಗವನ್ನೇ ಮಾರಿಬಿಟ್ಟರೆ ಎಂದು ಸದಸ್ಯನೊಬ್ಬ ಕೇಳಿದ. ಆಗ ಈತ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ: "ನಾನಿರುವವರೆಗೆ ಈ ಕ್ಲಬ್ ಊರು ಬಿಡುವುದಿಲ್ಲ. ಬಿಟ್ಟರೆ, ಹಿಂದಿರುವ ಅಭ್ಯಾಸದ ಮೈದಾನ ಊರಿನವರದು. ಬರೆದುಕೊಳ್ಳಿ."

ಬರೆದುಕೊಂಡೆ. ಅನುಮತಿ ಸಿಕ್ಕಿತು.

ಆಗ ನನ್ನ ತಮ್ಮ ವೆಂಬ್ಲಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ಸ್ವಂತದ್ದೊಂದು ಸಣ್ಣ ಕೆಫೆ ಮಾಡಬೇಕೆಂದು ಎರಡು ವರ್ಷದಿಂದ ಜಾಗ ಹುಡುಕುತ್ತಿದ್ದ. ಮೈದಾನದ ಗೇಟಿನೆದುರು ಒಂದು ಅಂಗಡಿ ಖಾಲಿಯಿತ್ತು. ಕ್ಲಬ್ ಬಿಟ್ಟುಹೋಗುವ ಸುದ್ದಿ ಊರಲ್ಲಿ ಹಬ್ಬಿದ್ದರಿಂದ ಅವನಿಗೆ ಧೈರ್ಯ ಬಂದಿರಲಿಲ್ಲ. ಸಭೆ ಮುಗಿದ ಮರುದಿನ ಅವನು ಮನೆಗೆ ಬಂದಾಗ ನಾನೇ ವಿಷಯ ಹೇಳಿದೆ.

"ಹೋಪುದಿಲ್ಲೆ ಅಂದ್ರಾ? ನೀನೇ ಕೇಂಡ್ಯಾ?" ಎಂದ.

"ಬರೀ ಕೇಂಡದ್ದಲ್ಲ, ಬರ್ಕಂಡಿದ್ದೆ," ಎಂದೆ.

ಆ ಮಾತಿನ ಮೇಲೆ ಅವನು ಆ ಅಂಗಡಿಯ ಹತ್ತು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿದ.

ಮುಂದಿನ ಸಭೆಯ ಮೊದಲ ವಿಷಯ, ಎಂದಿನಂತೆ, ಹಿಂದಿನ ಸಭೆಯ ನಡವಳಿಯ ಅಂಗೀಕಾರ. ಎರಡು ನಿಮಿಷದ ಕೆಲಸ. ಅಂದು ಕ್ಲಬ್ಬಿನ ಯಜಮಾನ ವಕೀಲನೊಂದಿಗೆ ಬಂದು ಕೂತಿದ್ದ. ಅಭ್ಯಾಸದ ಮೈದಾನದ ಬಗ್ಗೆ ತಾನು ಅಂಥ ಮಾತನ್ನೇ ಆಡಿಲ್ಲ, ಊರಿನ ಬಗೆಗಿನ ಪ್ರೀತಿಯನ್ನಷ್ಟೇ ಹೇಳಿಕೊಂಡದ್ದು ಎಂದ. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳನ್ನು ನೋಡಿದ ಹಾಗೆ ನಕ್ಕು, "ಈ ಹೆಂಗಸು ಶ್ರದ್ಧೆಯಿಂದಲೇ ಬರೆದಿದ್ದಾರೆ, ಅನುಮಾನವಿಲ್ಲ. ಆದರೆ ಇಂಗ್ಲಿಷ್ ಆಕೆಯ ಭಾಷೆಯಲ್ಲವಲ್ಲ" ಎಂದ.

ಮೇಜಿನ ಸುತ್ತ ಸಣ್ಣಗೆ ನಗು ಎದ್ದಿತು. ಆ ಮಾತನ್ನು ಕಿವಿಯಾರೆ ಕೇಳಿದ್ದ ಹನ್ನೆರಡು ಮಂದಿ ಸದಸ್ಯರು ಅಲ್ಲೇ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಅನುಮತಿ ಕೊಟ್ಟಾಗಿತ್ತು, ಕೊಟ್ಟವರು ದಡ್ಡರೆನಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ವಾಕ್ಯ ತೆಗೆದು ಹೊಸದಾಗಿ ಟೈಪ್ ಮಾಡಲು ಮೇಲಧಿಕಾರಿ ಹೇಳಿದರು. ನಾನೇ ಟೈಪ್ ಮಾಡಿದೆ. 'ಕ್ಲಬ್ಬಿನ ಮುಖ್ಯಸ್ಥರು ಊರಿನ ಬಗ್ಗೆ ತಮಗಿರುವ ಅಭಿಮಾನವನ್ನು ವ್ಯಕ್ತಪಡಿಸಿದರು.' ಈಗಲೂ ಆ ಸಾಲು ನನ್ನ ಬೆರಳಿನಲ್ಲಿದೆ.

ನಡವಳಿ ಅಂಗೀಕಾರವಾದ ಮೇಲೆ ಶಾರ್ಟ್‌ಹ್ಯಾಂಡ್ ಪುಸ್ತಕವನ್ನು ಹರಿದು ಹಾಕಬೇಕು. ಅದು ನಿಯಮ. ನಾನು ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದೆ. ನಿಯಮ ಮುರಿದದ್ದು ಅದೇ ಮೊದಲು.

ತಮ್ಮನ ಕೆಫೆ ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಟ ನೋಡಲು ಬಂದವರು ಅವನ ಗೋಳಿಬಜೆಯನ್ನು ಬ್ರೌನ್ ಸಾಸಿನಲ್ಲಿ ಅದ್ದಿ ತಿನ್ನುವುದನ್ನು ನಾನೇ ನೋಡಿದ್ದೇನೆ. ಅವರಿಗೆ ಅದರ ಹೆಸರು ಬಾರದೆ 'ರೌಂಡ್ಸ್' ಎನ್ನುತ್ತಿದ್ದರು. ಆಮೇಲೆ ರಗ್ಬಿ ತಂಡದವರು ಬೇರೆ ಊರಿಗೆ ಹೋದರು. ಮುಂದಿನ ಬೇಸಿಗೆಯಲ್ಲಿ ಮೈದಾನವಿಡೀ ಒಂದು ಸೂಪರ್‌ಮಾರ್ಕೆಟಿಗೆ ಮಾರಾಟವಾಯಿತು. ಫುಟ್‌ಬಾಲ್ ತಂಡ ಊರಿನಿಂದಾಚೆ, ಮೋಟರ್‌ವೇ ಪಕ್ಕದ ಹೊಸ ಸ್ಟೇಡಿಯಮ್ಮಿಗೆ ಹೋಯಿತು. ಅಲ್ಲಿಗೆ ಕಾರಿಲ್ಲದವರು ಹೋಗುವಂತಿರಲಿಲ್ಲ. ಸೂಪರ್‌ಮಾರ್ಕೆಟಿಗೆ ಅದರದೇ ಕಾರ್ ಪಾರ್ಕ್, ಅದರೊಳಗೇ ಬೇಕರಿ, ಅದರೊಳಗೇ ಕೆಫೆ. ಬಂದವರು ಹೈ ಸ್ಟ್ರೀಟಿಗೆ ಕಾಲಿಡದೆ ವಾಪಸು ಹೋಗುತ್ತಿದ್ದರು. ಮೊದಲು ಬೇಕರಿ ಮುಚ್ಚಿತು, ಮತ್ತೆ ಬ್ಯಾಂಕು, ಮತ್ತೆ ಪಬ್ಬು. ಆ ಕರಾರಿನಿಂದ ಬಿಡಿಸಿಕೊಳ್ಳಲು ತಮ್ಮ ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಲಂಡನ್ನಿನ ಇನ್ನೊಂದು ಮೂಲೆಯ ಇಲ್ಫರ್ಡಿನಲ್ಲಿ ಯಾರದೋ ಅಡುಗೆಮನೆ ಸೇರಿದ. ಹೋಗುವ ದಿನ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನೀನ್ ಸುಳ್ಳ್ ಬರಿಲ್ಲ ಅಕ್ಕ. ಅವ್ರ್ ಸುಳ್ಳ್ ಹೇಳ್ರ್" ಎಂದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಹಿಂಬದಿಯ ಅಭ್ಯಾಸದ ಮೈದಾನ ಮಾತ್ರ, ಕ್ಲಬ್ಬಿನವರು ಮಾರದೆ ಉಳಿಸಿಕೊಂಡಿದ್ದರಿಂದ, ಹಲಗೆಯ ಬೇಲಿಯೊಳಗೆ ಹಾಗೇ ಬಿದ್ದಿತ್ತು. ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಅದರ ಫೈಲು ಕಚೇರಿಗೆ ಬಂತು. ಅಲ್ಲಿ ಫ್ಲ್ಯಾಟು ಕಟ್ಟಬೇಕಂತೆ. ಹೊಸ ಸ್ಟೇಡಿಯಮ್ಮಿಗೆ ಜನ ಬಾರದೆ ಕ್ಲಬ್ ಮುಳುಗುತ್ತಿತ್ತು, ಈ ಜಾಗ ಮಾರಿದರೆ ಉಳಿಯುತ್ತಿತ್ತು. ಊರಿನ ಆರ್ಥಿಕ ಭವಿಷ್ಯದ ಬಗ್ಗೆ ದಪ್ಪ ವರದಿಯನ್ನೂ ಜೊತೆಗಿಟ್ಟಿದ್ದರು. ಊರಿನ ಭವಿಷ್ಯದ ಚಿಂತೆ ಅವನಿಗೆ! ಸಭೆಗೆ ಅವನೇ ಬಂದ. ಕೂದಲು ನೆರೆತಿತ್ತು, ದನಿ ಅದೇ. ನಾನು ಎರಡು ಮೊಳ ದೂರದಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದೆ. ನನ್ನ ಗುರುತು ಸಿಗಲಿಲ್ಲ. ಕಾಫಿ ಸಿಗಬಹುದೇ ಎಂದು ಕೇಳಿದ. ತಂದುಕೊಟ್ಟೆ. ಆಮೇಲೆ ಉಣ್ಣೆ ಅಂಗಡಿಯ ಮುದುಕಿ ಸಭಿಕರ ಸಾಲಿನಿಂದ ಎದ್ದು, ಈ ಜಾಗ ಊರಿಗೆ ಕೊಡುವುದಾಗಿ ಮಾತಾಗಿತ್ತಲ್ಲ ಎಂದಳು. ಅಂಥ ಮಾತು ಯಾವ ನಡವಳಿಯಲ್ಲೂ ಇಲ್ಲ ಎಂದು ಅವನು ಹೇಳಿದ. ಅದನ್ನೂ ನಾನೇ ಬರೆದುಕೊಂಡೆ. ಒಳಗೆ ಒಂದು ಬಗೆಯ ಖುಷಿಯೇ ಆಯಿತು. ಈಗ ನೀನು ಸಿಕ್ಕಿಬಿದ್ದೆ ಅಂದುಕೊಂಡೆ.

ಹಳೆಯ ಫೈಲುಗಳಲ್ಲಿ ಏನೂ ಸಿಗದಿದ್ದರೂ ಸದಸ್ಯರು ಊರಿನವರಿಗೆ ಹೆದರಿ ಅನುಮತಿ ನಿರಾಕರಿಸಿದರು. ಅವನು ಮೇಲ್ಮನವಿ ಹಾಕಿದ. ಸರಕಾರ ಕಳಿಸಿದ ವಿಚಾರಣಾಧಿಕಾರಿ ಟೌನ್ ಹಾಲಿನಲ್ಲೇ ವಿಚಾರಣೆ ನಡೆಸುವುದೆಂದಾಯಿತು. ನಾನು ಉಣ್ಣೆ ಅಂಗಡಿಗೆ ಹೋಗಿ, ನನ್ನ ಹತ್ತಿರ ಪುಸ್ತಕವಿದೆ ಎಂದು ಹೇಳಿದೆ. ಮುದುಕಿ ಹೆಣಿಗೆ ಕೆಳಗಿಟ್ಟು, ಕೆಲಸ ಹೋಗಬಹುದಲ್ಲ ಎಂದಳು. ಹೋಗಬಹುದು ಎಂದೆ. ನಮ್ಮನೆಯವರಿಗೆ ಇದು ಹಿಡಿಸಲಿಲ್ಲ. "ಅವನನ್ನು ಬೀಳಿಸಿದರೆ ಊರಿಗೆ ಏನು ಬಂತು?" ಎಂದು ಕೇಳಿದರು. ಊರಿಗಾಗಿ ಎಂದು ನಾನು ಸುಳ್ಳು ಹೇಳಲಿಲ್ಲ.

ವಿಚಾರಣೆಯಲ್ಲಿ ಅವನ ವಕೀಲ ನನ್ನ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಈ ಸೊಟ್ಟ ಗೆರೆಗಳನ್ನು ಇಷ್ಟು ವರ್ಷದ ಮೇಲೆ ಯಾರಾದರೂ ನಿಖರವಾಗಿ ಓದಬಲ್ಲರೇ, ನೆನಪಿನಿಂದ ಏನನ್ನೋ ಸೇರಿಸುವುದಿಲ್ಲವೇ ಎಂದು ಕೇಳಿದ. ನಾನು ಸಾಕ್ಷಿಯ ಕುರ್ಚಿಯಲ್ಲಿ ಕೂತಿದ್ದರೂ, ಅಭ್ಯಾಸಬಲದಿಂದ, ಎದುರಿದ್ದ ಕಾಗದದ ಮೇಲೆ ಅವನ ಮಾತನ್ನು ಬರೆದುಕೊಳ್ಳುತ್ತಲೇ ಇದ್ದೆ. ವಿಚಾರಣಾಧಿಕಾರಿ ಅದನ್ನು ಗಮನಿಸಿದ್ದರು. ಏನು ಬರೆದಿರಿ, ಓದಿ ಎಂದರು.

ಓದಿದೆ. ಅವನ ಪ್ರಶ್ನೆಯನ್ನು ಅವನು ಕೇಳಿದ ಹಾಗೇ, ಅರ್ಧಕ್ಕೆ ಬಿಟ್ಟು ಬೇರೆ ಕಡೆಯಿಂದ ಶುರುಮಾಡಿದ ವಾಕ್ಯವನ್ನು, ಎರಡು ಸಲ ತಪ್ಪಾಗಿ ಹೇಳಿದ ರಸ್ತೆಯ ಹೆಸರನ್ನು, ನಡುವೆ ಎಳೆದ ಒಂದೊಂದು 'ಅಂ' ಕಾರವನ್ನೂ ಓದಿದೆ. ಸಭಿಕರು ನಗತೊಡಗಿದರು. ವಕೀಲನ ಕತ್ತು ಕೆಂಪಾಯಿತು. ಆಮೇಲೆ ಹಳೆಯ ಪುಸ್ತಕದ ಪುಟ ತೆರೆದು, ಯಜಮಾನ ಎದೆಯ ಮೇಲೆ ಕೈಯಿಟ್ಟು ಹೇಳಿದ ಆ ಮಾತನ್ನು ಓದಿದೆ. 'ಬರೆದುಕೊಳ್ಳಿ' ಎಂಬುದನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಅಂದಿನ ಹನ್ನೆರಡು ಮಂದಿ ಸದಸ್ಯರಲ್ಲೊಬ್ಬ, ಈಗ ಮುದುಕ, ಹಿಂದಿನ ಸಾಲಿನಿಂದ ಎದ್ದು, ಹೌದು, ಹೀಗೇ ಹೇಳಿದ್ದ, ಆ ದಿನ ನಾವು ಸುಮ್ಮನಿದ್ದೆವು ಎಂದ.

ಊಟದ ಬಿಡುವಿನಲ್ಲಿ ಬಾಗಿಲ ಹತ್ತಿರ ಯಜಮಾನ ನನ್ನೆದುರು ನಿಂತ. "ನಾವು ಮೊದಲು ಭೇಟಿಯಾಗಿದ್ದೇವೆಯೇ?" ಎಂದು ಕೇಳಿದ.

"ಮೂರು ಸಲ," ಎಂದೆ. "ಮೂರು ಸಲವೂ ನೀವು ಹೇಳಿದ್ದನ್ನು ನಿಮ್ಮ ಭಾಷೆಯಲ್ಲೇ ಬರೆದುಕೊಂಡೆ."

ಅವನ ಮುಖದಲ್ಲಿ ಏನಾಯಿತೆಂದು ಕಣ್ತುಂಬ ನೋಡಿದೆ. ಬೇರೆಡೆ ತಿರುಗಬೇಕೆಂದು ನನಗೆ ಅನಿಸಲಿಲ್ಲ.

ಮೇಲ್ಮನವಿ ಬಿದ್ದುಹೋಯಿತು. ಆ ಹಣವನ್ನೇ ನೆಚ್ಚಿಕೊಂಡಿದ್ದ ಕ್ಲಬ್ ಮುಂದಿನ ಚಳಿಗಾಲ ಕಳೆಯುವಷ್ಟರಲ್ಲಿ ದಿವಾಳಿಯಾಯಿತು. ಒಂದು ಭಾನುವಾರ ನಮ್ಮನೆಯವರಿಗೆ ಹೇಳದೆ, ಬಸ್ಸು ಹಿಡಿದು, ಮೋಟರ್‌ವೇ ಬದಿಯಲ್ಲಿ ಅರ್ಧ ಗಂಟೆ ನಡೆದು ಆ ಸ್ಟೇಡಿಯಮ್ ನೋಡಿ ಬಂದೆ. ಗೇಟಿಗೆ ಸರಪಳಿ ಹಾಕಿತ್ತು. ಚೀಲದಲ್ಲಿದ್ದ ಚಪಾತಿ ಪಲ್ಯ ತೆಗೆದು, ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದೆ. ಅಷ್ಟು ರುಚಿಯಾಗಿ ಎಷ್ಟೋ ವರ್ಷದಿಂದ ಉಂಡಿರಲಿಲ್ಲ. ಇದನ್ನು ಓದಿ ನನ್ನನ್ನು ಕೆಟ್ಟವಳೆಂದುಕೊಳ್ಳುವವರು ಅಂದುಕೊಳ್ಳಲಿ.

ಆದರೆ ಆ ಫ್ಲ್ಯಾಟುಗಳಲ್ಲಿ ಕೆಲವು, ಕೌನ್ಸಿಲ್ಲಿನ ಕಡಿಮೆ ಬಾಡಿಗೆಯ ಮನೆಗಾಗಿ ಕಾಯುತ್ತಿದ್ದವರಿಗೆ ಸಿಗಬೇಕಾಗಿತ್ತು. ಅದು ನನಗೆ ಗೊತ್ತಿತ್ತು, ವರದಿಯಲ್ಲಿ ಓದಿದ್ದೆ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡಿದ್ದ ಒಬ್ಬಳು, ವಿಚಾರಣೆಯಲ್ಲಿ ಪುಸ್ತಕ ಓದಿದವಳು ನೀನೇ ಅಲ್ಲವೇ ಎಂದು ಕೇಳಿದಳು. ಹೌದೆಂದೆ. ತಾನು, ಗಂಡ, ಇಬ್ಬರು ಮಕ್ಕಳು ಒಂದೇ ಕೋಣೆಯಲ್ಲಿ ನಾಲ್ಕು ವರ್ಷದಿಂದ ಇದ್ದೇವೆ ಎಂದಳು, ದನಿ ಏರಿಸದೆ. ನನ್ನ ಬಸ್ಸು ಬಂತು, ಹತ್ತಲಿಲ್ಲ. ಅವಳ ಬಸ್ಸು ಬಂದು ಅವಳು ಹೋಗುವವರೆಗೂ ಅಲ್ಲೇ ನಿಂತಿದ್ದೆ. ಆ ಅಭ್ಯಾಸದ ಮೈದಾನದಲ್ಲಿ ಈಗ ಹುಲ್ಲು ಇದೆ, ನಾಯಿ ಅಡ್ಡಾಡಿಸುವವರು ಇದ್ದಾರೆ. ಹೈ ಸ್ಟ್ರೀಟಿಗೆ ಶನಿವಾರಗಳು ಮರಳಲಿಲ್ಲ.

ಪುಸ್ತಕ ಇಟ್ಟುಕೊಂಡದ್ದಕ್ಕೆ ಕಚೇರಿಯವರು ನನ್ನ ಮೇಲೆ ಕ್ರಮ ಕೈಗೊಂಡರು. ಕೆಲಸ ಹೋಗಲಿಲ್ಲ, ಪಾರ್ಕಿಂಗ್ ಪರ್ಮಿಟ್ ಕೊಡುವ ಕೌಂಟರಿಗೆ ಹಾಕಿದರು. ನಿವೃತ್ತಿಯವರೆಗೆ ಅಲ್ಲೇ ಇದ್ದೆ.

ನನ್ನ ತಮ್ಮ ವಿಚಾರಣೆಗೆ ಬಂದಿರಲಿಲ್ಲ. ಎಲ್ಲ ಮುಗಿದ ಮೇಲೆ ಫೋನ್ ಮಾಡಿದರೆ, ತನ್ನ ಹೆಸರು ಹೇಳಿಕೊಂಡು ಸೇಡು ತೀರಿಸಿಕೊಳ್ಳಲು ತಾನು ಯಾವಾಗ ಹೇಳಿದ್ದೆ ಎಂದು ರೇಗಿದ. ಅವನು ಅಷ್ಟು ಹೊತ್ತಿಗೆ ಇಲ್ಫರ್ಡಿನಲ್ಲಿ ಮದುವೆಯಾಗಿ ನೆಲೆನಿಂತಿದ್ದ. ಆ ಹಳೆಯ ಅಂಗಡಿಯ ಸುದ್ದಿಯೇ ಅವನಿಗೆ ಬೇಡವಾಗಿತ್ತು. ಒಂದು ವರ್ಷ ನಮ್ಮೊಳಗೆ ಮಾತಿರಲಿಲ್ಲ. ಅವರ ಮಗಳ ನಾಮಕರಣಕ್ಕೆ ಅವನ ಹೆಂಡತಿ ಕರೆದಳು. ಹೋದೆ. ಎಲ್ಲರಿಗೂ ಬಡಿಸಿ ಆದ ಮೇಲೆ ಅವನು ನನ್ನನ್ನು ಅಡುಗೆಮನೆಗೆ ಕರೆದ. ಬಾಗಿಲು ಮುಂದೆ ಮಾಡಿ, ಪಾಯಸದ ಬಟ್ಟಲು ನನ್ನ ಕೈಗಿಟ್ಟು, ನನ್ನ ಮುಖ ನೋಡದೆ ಕೇಳಿದ:

"ಅಕ್ಕ, ನೀ ಓದುವತ್ತಿಗೆ ಅವ ಎಲ್ಲಿ ಕೂಕಂಡಿದ್ದ?"

ಮುಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಎಂದೆ.

ಅವನು ಒಲೆ ಆರಿಸಿ, ಸ್ಟೂಲು ಎಳೆದುಕೊಂಡು ನನ್ನೆದುರು ಕೂತ. "ಸುರುವಿಂದ ಹೇಳ್, ಕಾಂಬ," ಎಂದ.