ಅಂಗಳ ಗುಡಿಸಿದ ಅಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಮರವಂತೆಯಲ್ಲಿ ಹೆಂಗಸರ ಜ್ವರ ನೋಡುತ್ತಿದ್ದದ್ದು ಹಿಡಿಸೂಡಿಯಿಂದ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿದಳೋ, ಅವಳಿಗೆ ಜ್ವರವಿಲ್ಲ. ಗಂಡಸಿಗಾದರೆ ಮೈ ಬಿಸಿಯಾದ ಕೂಡಲೇ ಚಾಪೆ, ಕಾಳುಮೆಣಸಿನ ಕಷಾಯ, ಡಾಕ್ಟರು. ಅವನು ಕಡಲಿಗೆ ಇಳಿದರಲ್ಲವೇ ಒಲೆ ಉರಿಯುವುದು!

ಮಳೆಗಾಲ ಮುಗಿದು ಬಿಸಿಲು ಕಂಡ ದಿನಗಳವು. ಊರಿಡೀ ಬೂತಾಯಿ ಮೀನು ಒಣಗುವ ವಾಸನೆ. ಅಪ್ಪ ಜ್ವರದಿಂದ ನಡುಗುತ್ತಾ ಮಲಗಿದ್ದರು. ಕುಂದಾಪುರದಿಂದ ಡಾಕ್ಟರು ಬಂದರು. ಸೂಜಿ ಕುದಿಸಲು ನೀರು ಕಾಯಿಸಿದ್ದು ಅಕ್ಕ. ಕೊನೆಗೆ ಕೈ ತೊಳೆಯಲು ಚೊಂಬು ಹಿಡಿದವಳೂ ಅವಳೇ. ಅವಳ ಬೆರಳು ತಾಗಿದ್ದೇ ಡಾಕ್ಟರು ಬೆಚ್ಚಿದರು.

"ಹ್ವಾಯ್, ಈ ಹೆಣ್ಣಿನ್ ಕೈ ಸುಡ್ತಿತ್ತಲೆ!"

"ಅದ್ಕೆಂತ ಆಯ್ಲ ಡಾಕ್ಟ್ರೇ," ಅಂದರು ಅಜ್ಜಿ. "ಬೆಳಿಗ್ಗೆ ಅಂಗ್ಳ ಗುಡ್ಸಿತ್. ಜ್ವರ ಇದ್ರೆ ಗುಡ್ಸುಕ್ ಆತ್ತಾ?"

"ಇದನ್ನೂ ಮಲಗ್ಸಿ ಅಮ್ಮಾ. ಹೀಗೇ ಬಿಟ್ರೆ ಉಳಿಯುದಿಲ್ಲ."

ಅಕ್ಕ ನಕ್ಕುಬಿಟ್ಟಳು. "ನಾ ಮಲ್ಗಿರೆ ಮೀನ್ ಕಾಯುದ್ ಯಾರ್, ಕಾಗೆಯಾ?" ಎಂದು ಸೆರಗು ಸಿಕ್ಕಿಸಿ ಕಡಲ ಕಡೆ ನಡೆದಳು. ಡಾಕ್ಟರು ಕೊಟ್ಟ ಗುಳಿಗೆ ಹೊಸ್ತಿಲ ಮೇಲೇ ಉಳಿಯಿತು.

ಮಧ್ಯಾಹ್ನ ಕಾಗೆಗಳ ಗಲಾಟೆ ಏರಿತು. ಓಡಿಸುವ ದನಿ ಕೇಳಲೇ ಇಲ್ಲ. ಚಾಪೆಯಲ್ಲಿದ್ದ ಅಪ್ಪನೇ ಮೊದಲು ತಲೆ ಎತ್ತಿದರು. ಗೋಡೆ ಹಿಡಿದು ಎದ್ದವರು, ಆಮೇಲೆ ಓಡಿದರು. ಅಕ್ಕ ಮೀನಿನ ನಡುವೆ ಮಗುಚಿ ಬಿದ್ದಿದ್ದಳು. ಅವಳನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಹೋದ ಅಪ್ಪ ಕತ್ತಲಾಗುವಾಗ ಒಬ್ಬರೇ ಬಂದರು. ಅಕ್ಕ ಉಳಿಯಲಿಲ್ಲ. ಮರುದಿನ ಅಂಗಳ ಗುಡಿಸಲು ಯಾರಿಗೂ ಕೈ ಬರಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮ ಅಜ್ಜಿ ತಾನೇ ಬಸ್ಸು ಹತ್ತಿ ಹೋಗಿ ಬಿಪಿ ನೋಡಿಸಿಕೊಂಡು ಬರುತ್ತಾಳೆ. ನಿಮಗೆ ಸೀನು ಬಂದರೆ ಸಾಕು, ಮನೆಯೇ ಎದ್ದು ನಿಲ್ಲುತ್ತದೆ, ಹುಡುಗಿಯಾದರೂ ಹುಡುಗನಾದರೂ. ನನಗೆ ಅದೊಂದು ಹೆಮ್ಮೆ. ಆದರೆ ನಮ್ಮ ಕೇರಿಯಲ್ಲಿ ಈಗ ಎದೆ ಹಿಡಿದುಕೊಂಡು ಬೀಳುವವರು ದುಡಿಯುವ ಗಂಡಸರು. ಮುಂಬೈಯ ಹೋಟೆಲಿನಲ್ಲಿರುವ ನಿಮ್ಮ ಅಪ್ಪನಿಗೂ ಸಕ್ಕರೆ ಕಾಯಿಲೆ. ಡಾಕ್ಟರ ಹತ್ತಿರ ಹೋಗು ಎಂದರೆ, "ಕೆಲ್ಸ ಮಾಡುಕ್ ಆತ್ತಲೆ ಅಪ್ಪಯ್ಯ, ಆರಾಮಿದ್ದೆ" ಎನ್ನುತ್ತಾನೆ. ಫೋನಿನಲ್ಲಿ ಅವನ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿರುತ್ತದೆ. ಆ ಸದ್ದು ಒಮ್ಮೆ ನಿಂತರೆ ಸಾಕು, ನಾನು ಅವನ ಹೆಸರು ಕೂಗುತ್ತೇನೆ.