ಬಿಳಿ ದಾರದ ಹೊಲಿಗೆ

ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಹೊಸ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಮೊನ್ನೆ ಮೊಮ್ಮಗಳು ವಿದ್ಯಾನಗರದ ಟೈಲರ್ ಹತ್ತಿರ ಹೊಲಿಸಿದ್ದನ್ನು ಹಾಕಿಕೊಂಡು ನನ್ನ ಮುಂದೆ ನಿಂತಾಗ ಅದೇ ವಾಸನೆ ಬಂತು. ಮೇಲೆ ದೊಡ್ಡ ಹೂವು, ಕೆಳಗೆ ಚೌಕಳಿ, ತೋಳಿಗೆ ಗೆರೆ. ದಿನಾ ಬಸ್ಸಲ್ಲಿ ಹೋಗಿಬರುವ ಶಂಕರಘಟ್ಟದ ಯೂನಿವರ್ಸಿಟಿಗೆ ಹೊರಟಿದ್ದಳು. "ಇದೇನೇ, ಒಂದಕ್ಕೊಂದು ಸಂಬಂಧಾನೇ ಇಲ್ಲ. ಬಸ್ಸಲ್ಲಿ ಜನ ನಗ್ತಾರೆ" ಎಂದು ಸೊಸೆ ಬೈದಳು. "ಈಗ ಇದೇ ಫ್ಯಾಷನ್ನು, ನಿಂಗೊತ್ತಿಲ್ಲ ಸುಮ್ನಿರಮ್ಮ" ಎಂದಳು ಹುಡುಗಿ. ಫ್ಯಾಷನ್ನು ನನಗೂ ಗೊತ್ತಿಲ್ಲ. ಆ ಬಟ್ಟೆ ಮಾತ್ರ ಗೊತ್ತು. ಚಿಕ್ಕವಳಿದ್ದಾಗ ಭದ್ರಾವತಿಯಲ್ಲಿ ನಾನು ಹಾಕಿದ್ದೇ ಅಂಥದ್ದು. ನಿಮ್ಮಲ್ಲೂ ಕೆಲವರು ಹಾಕಿರಬಹುದು.

ಅಪ್ಪ ಕಾರ್ಖಾನೆಯಲ್ಲಿದ್ದ. ನಮ್ಮದು ಕ್ವಾರ್ಟರ್ಸಿನ ಸಾಲುಮನೆ. ಅಮ್ಮ ಬಾಗಿಲ ಬೆಳಕಿಗೆ ಮಿಷನ್ ಹಾಕಿಕೊಂಡು ಇಡೀ ಸಾಲಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಉಳಿದ ತುಂಡನ್ನು ಮಡಿಸಿ ರವಿಕೆಯೊಳಗೇ ಇಟ್ಟು ವಾಪಸು ಕೊಡುವುದು ಅವಳ ಕ್ರಮ. "ನೀನೇ ಇಟ್ಕೊಳೆ" ಎಂದರೆ ಮಾತ್ರ ಇಟ್ಟುಕೊಳ್ಳುವಳು. ಹೆಚ್ಚಿನವು ನನ್ನ ಲಂಗಕ್ಕೆ. ನಾನು ಉದ್ದವಾದ ಹಾಗೆ ಲಂಗದ ಕೆಳಗೆ ಒಂದೊಂದು ಪಟ್ಟಿ ಸೇರುತ್ತಿತ್ತು. ಪಕ್ಕದ ಮನೆಯ ಸೆಲ್ವಿ ಅಕ್ಕನ ಹಳದಿ ಗೆರೆ, ಅದರ ಕೆಳಗೆ ಮೇಷ್ಟ್ರ ಹೆಂಡತಿಯ ಕೆಂಪು ಹೂವು, ಅದರ ಕೆಳಗೆ ಇನ್ಯಾರದೋ ಚುಕ್ಕಿ. ಬಣ್ಣದ ರೀಲು ಊರವರ ರವಿಕೆಗೆ, ಮನೆಯವರಿಗೆಲ್ಲ ಬಿಳಿ ದಾರ. ಕೆಂಪಿನ ಮೇಲೆ ಆ ಹೊಲಿಗೆ ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು.

ನಲ್ಲಿಗೆ ನೀರಿಗೆ ಹೋದರೆ ಬಾಗಿಲು ಬಾಗಿಲಲ್ಲೂ ಯಾರಾದರೂ ಹಿಡಿದು ನಿಲ್ಲಿಸುವರು. ಸೆಲ್ವಿ ಅಕ್ಕ ಲಂಗದ ಅಂಚು ಎತ್ತಿ ಹುಡುಕಿ, "ನನ್ನ ರವಿಕೆ ಹರಿದೇ ಹೋಯ್ತು ಕಣ್ಣಮ್ಮಾ, ನಿನ್ನ ಕಾಲಲ್ಲಿ ಗಟ್ಟಿಯಾಗಿ ಕೂತೈತೆ ನೋಡು" ಎಂದು ಕೆನ್ನೆ ಹಿಂಡುವಳು. ಮೇಷ್ಟ್ರ ಹೆಂಡತಿ ತಮ್ಮ ಹೂವು ನೋಡಿ ಕೈಗೊಂದು ಚಕ್ಕುಲಿ ಇಡುವರು. ನನಗೆ ನಾಚಿಕೆ. ಒಂದೇ ಬಟ್ಟೆಯ ಲಂಗ ಬೇಕೆಂದು ಹಟ ಹಿಡಿದು ಊಟ ಬಿಟ್ಟೆ. ದೀಪಾವಳಿಗೆ ಅಪ್ಪ ಹಸಿರು ಬಟ್ಟೆ ತಂದ. ಹೊಲಿದ ಕೂಡಲೇ ಹಾಕಿಕೊಂಡು, ಬೇಕೆಂದೇ ನಿಧಾನವಾಗಿ, ನಲ್ಲಿಯವರೆಗೂ ಹೋಗಿ ಬಂದೆ. ಯಾರೂ ಹಿಡಿದು ನಿಲ್ಲಿಸಲಿಲ್ಲ. ಅಕ್ಕಿ ಆರಿಸುತ್ತಿದ್ದ ಸೆಲ್ವಿ ಅಕ್ಕ ತಲೆಯೆತ್ತಿ "ಚೆನ್ನಾಗೈತೆ" ಎಂದು ಮತ್ತೆ ಮೊರಕ್ಕೆ ಬಗ್ಗಿದಳು.

ಮನೆಗೆ ಬಂದು, "ಇದಕ್ಕೂ ಒಂದು ಪಟ್ಟಿ ಹಚ್ಚು" ಎಂದೆ.

"ಯಾರದ್ದು ಹಚ್ಲೇ ಮಾರಾಯ್ತಿ?"

"ನಿಂದು."

ಅಮ್ಮ ನಕ್ಕಳು. "ನಂದೆಲ್ಲಿದೆ? ಸೀರೆ ಹರಿದ್ರೆ ನೆಲ ಒರೆಸೋಕೇ ಸಾಲಲ್ಲ. ಹೋಗು, ಹಳೇದೇ ಹಾಕ್ಕೋ." ಅವಳ ರವಿಕೆಯೂ ಊರವರ ತುಂಡುಗಳದೇ. ಬೆನ್ನು ಒಬ್ಬರದು, ತೋಳು ಇನ್ನೊಬ್ಬರದು. ಸೆರಗು ಹೊದ್ದು ಮುಚ್ಚಿಕೊಳ್ಳುತ್ತಿದ್ದಳು.

ಆ ಸಾಲುಮನೆ ಈಗಿಲ್ಲ. ಕೆಡವಿದ ಜಾಗದಲ್ಲಿ ಮುಳ್ಳುಗಿಡ ಬೆಳೆದಿದೆ. ಸೆಲ್ವಿ ಅಕ್ಕ ಹೋದಳು, ಮೇಷ್ಟ್ರ ಹೆಂಡತಿ ಹೋದರು, ಅಮ್ಮ ಅವರೆಲ್ಲರಿಗಿಂತ ಮೊದಲೇ ಹೋದಳು. ಮುಖ ಮರೆತವರ ಬಟ್ಟೆಯೂ ನನಗೆ ನೆನಪಿದೆ. ಅಮ್ಮನ ಬಟ್ಟೆ ಯಾವುದು ಎಂದು ಕೇಳಿದರೆ ಹೇಳಲಾರೆ.

ಮೊನ್ನೆ ಸಂಜೆ ಮೊಮ್ಮಗಳು ಬಂದು ಕಳಚಿಟ್ಟ ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹೂವಿಗೆ ಹೂವಿನ ಬಣ್ಣದ ದಾರ, ಚೌಕಳಿಗೆ ಅದರದೇ ದಾರ. ಟೈಲರು ಒಳ್ಳೆಯವನು. ಬಿಳಿ ಎಲ್ಲೂ ಇರಲಿಲ್ಲ. ಮಡಿಸಿ ಇಟ್ಟೆ.